ಮುಳ್ಳಿನ ಬುಡದ ಹಗ್ಗ

“ಅಜ್ಜಾರ, ನಾ ಸುಳ್ಳ ಹೇಳಿಲ್ಲ. ಬಂದ ಮಾತನ್ನ ಮುಂದ ಕಳಿಸೀನಿ, ಅಷ್ಟ. ಇದರ ಪಾಪ ನನಗ ಹತ್ತತೈತೇನ್ರಿ?”

ಗುರುಪಾದಯ್ಯ ಹೀಗೆ ಕೇಳಿದ್ದು ಬೆಳಗಿನ ಪೂಜೆ ಮುಗಿದ ಮೇಲೆ, ಗುರುಗಳು ಮಠದ ಹಿಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಾಗ. ಆ ಸೀಮೆಯಲ್ಲಿ ಮಠದ ಗುರುಗಳನ್ನು ಅಜ್ಜ ಎಂದೇ ಕರೆಯುತ್ತಾರೆ. ಗುರುಪಾದಯ್ಯ ಅವರ ಶಿಷ್ಯ. ಪೂಜೆಗೆ ಹೂ ಕಟ್ಟುವುದು, ದಾಸೋಹದ ಉಸ್ತುವಾರಿ ನೋಡುವುದು, ಭಕ್ತರಿಗಾಗಿ ಮೊಬೈಲಿನಲ್ಲಿ ಮಾಡಿದ ಗುಂಪನ್ನು ನಡೆಸುವುದು ಅವನ ಪಾಲಿನ ಕೆಲಸಗಳು. ಹೂವಿಗಿಂತ ಮೊಬೈಲೇ ಅವನ ಕೈಯಲ್ಲಿ ಹೆಚ್ಚು ಹೊತ್ತು ಇರುತ್ತಿತ್ತು. ಈಚೆಗೆ ಜ್ವರ ಬಂದು ಮಲಗಿದ್ದಾಗಲಂತೂ ಅದೊಂದೇ ಅವನ ಜೊತೆಗಾರ.

ಅವನ ಪ್ರಶ್ನೆಗೆ ಕಾರಣ ಶಾಂತವ್ವ. ಊರಿನಲ್ಲಿ ಅವಳ ಮರದ ಗಾಣವಿತ್ತು. ಗಂಡ ತೀರಿಕೊಂಡ ಮೇಲೆ ಅವಳೇ ಎತ್ತು ಹೂಡಿ ಕುಸುಬಿ ಎಣ್ಣೆ ತೆಗೆಯುತ್ತಿದ್ದಳು. ಮಠದ ಒಲೆಗೂ ದೀಪಕ್ಕೂ ಅವಳದೇ ಎಣ್ಣೆ. ಊರಿನ ಬಹುಪಾಲು ಮನೆಗಳಿಗೂ ಅವಳದೇ. ಹೀಗಿರುವಾಗ ಒಂದು ದಿನ ಗುರುಪಾದಯ್ಯನ ಮೊಬೈಲಿಗೆ ಒಂದು ಸಂದೇಶ ಬಂತು. ಶಾಂತವ್ವನ ಗಾಣದ ಎಣ್ಣೆಯಲ್ಲಿ ವಿಷದ ದತ್ತೂರಿ ಬೀಜ ಬೆರೆಸುತ್ತಾರೆ, ಒಂದು ಮಠದಲ್ಲಿ ಆ ಎಣ್ಣೆಯ ಅಡುಗೆ ಉಂಡವರಿಗೆ ಬಾಯಿ ಕಹಿಯಾಗಿ ವಾಂತಿಯಾಗಿದೆ, ದೊಡ್ಡ ಡಾಕ್ಟರರೇ ಇದನ್ನು ಹೇಳಿದ್ದಾರೆ, ನಿಮ್ಮವರು ಬದುಕಬೇಕೆಂದಿದ್ದರೆ ಎಲ್ಲರಿಗೂ ಕಳಿಸಿ ಎಂದು ಅದರಲ್ಲಿ ಬರೆದಿತ್ತು. ಜೊತೆಗೊಂದು ಗಾಣದ ಚಿತ್ರ. ಆ ಗಾಣ ಶಾಂತವ್ವನದಲ್ಲ. ಆದರೆ ಚಿತ್ರ ನೋಡಿದವರೆಲ್ಲ ಅದನ್ನು ಅವಳದೆಂದೇ ತಿಳಿದರು.

ಗುರುಪಾದಯ್ಯ ಅದನ್ನು ಭಕ್ತರ ಗುಂಪಿಗೆ ಕಳಿಸಿದ. ಕಳಿಸುವ ಮೊದಲು ಯೋಚಿಸಲಿಲ್ಲವೆಂದಲ್ಲ. ಒಂದೇ ಮಾತು ನಾಲ್ಕಾರು ಕಡೆಯಿಂದ ಬಂದಿತ್ತು. ಅದಕ್ಕೂ ಮೊದಲು ಅವನಿಗೇ ಒಮ್ಮೆ ಮಠದ ಊಟದಲ್ಲಿ ಎಣ್ಣೆ ಕಹಿ ಅನ್ನಿಸಿತ್ತು. ಮತ್ಯಾರಿಗಾದರೂ ಹಾಗನ್ನಿಸಿತೇ ಎಂದು ಗುಂಪಿನಲ್ಲಿ ಕೇಳಿಯೂ ಇದ್ದ. ಆಗ ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಈ ಸಂದೇಶ ಬಂದಾಗ, ತನ್ನ ಅನುಮಾನ ಸುಳ್ಳಾಗಿರಲಿಲ್ಲ, ಬೇರೆಯವರ ನಾಲಿಗೆಗೂ ಅದೇ ರುಚಿ ಸಿಕ್ಕಿದೆ ಎಂದು ಅವನಿಗೆ ಗಟ್ಟಿಯಾಯಿತು. ಇದನ್ನೆಲ್ಲ ಅವನು ಅಜ್ಜನವರ ಮುಂದೆ ಬಿಚ್ಚಿ ಹೇಳಿದ.

ಮಠದ ಗುಂಪಿನಿಂದ ಬಂದ ಮಾತು ಎಂದ ಮೇಲೆ ಜನ ಹಿಂದೆ ಮುಂದೆ ನೋಡಲಿಲ್ಲ. ಮನೆಯಲ್ಲಿದ್ದ ಗಾಣದ ಎಣ್ಣೆಯನ್ನು ಚರಂಡಿಗೆ ಸುರಿದರು. ಬಸ್ ನಿಲ್ದಾಣದ ಹತ್ತಿರ ಗಾಡಿಯಲ್ಲಿ ಮಾರುತ್ತಿದ್ದ, ಹೆಸರಿಲ್ಲದ ಡಬ್ಬಿಗಳ ಎಣ್ಣೆ ತಂದರು. ಅದನ್ನು ತಿಂದು ಕೆಲವರ ಗಂಟಲು ಕೆಟ್ಟಿತು, ಮಕ್ಕಳಿಗೆ ಹೊಟ್ಟೆ ನೋವು ಬಂತು. ಮೊದಲು ತಿಂದ ಗಾಣದ ಎಣ್ಣೆಯ ವಿಷ ಈಗ ಹೊರಗೆ ಬರುತ್ತಿದೆ ಎಂದು ಅದಕ್ಕೂ ಶಾಂತವ್ವನನ್ನೇ ಬೈದರು. ಕೊನೆಗೆ ಕೆಲವು ಹುಡುಗರು ಅವಳ ಅಂಗಳಕ್ಕೆ ನುಗ್ಗಿ, ಎಣ್ಣೆಯ ಕೊಡಗಳನ್ನು ಉರುಳಿಸಿ, ಅದನ್ನು ಮೊಬೈಲಿನಲ್ಲಿ ಹಿಡಿದು, ಆ ಚಿತ್ರವನ್ನೂ ಊರಿಗೆಲ್ಲ ಹಂಚಿದರು.

ಶಾಂತವ್ವ ಹಿಂದಿನ ದಿನ ಸಂಜೆ ಮಠಕ್ಕೆ ಬಂದಿದ್ದಳು. ನಾಳೆ ಎತ್ತು ಹೊಡೆದುಕೊಂಡು ಮಗಳ ಊರಿಗೆ ಹೋಗುತ್ತೇನೆ, ಗಾಣಕ್ಕೆ ಬೀಗ ಹಾಕಿದ್ದೇನೆ ಎಂದು ಅಜ್ಜನವರ ಪಾದ ಮುಟ್ಟಿ ಹೇಳಿದಳು. ದೀಪಕ್ಕೆಂದು ಒಂದು ತಂಬಿಗೆ ಎಣ್ಣೆ ಇಟ್ಟು ಹೋದಳು. ಆ ತಂಬಿಗೆ ಇನ್ನೂ ಕಟ್ಟೆಯ ಮೇಲೆಯೇ ಇತ್ತು. ಗುರುಪಾದಯ್ಯ ಅದನ್ನು ಒಳಗೆ ಒಯ್ದಿರಲಿಲ್ಲ, ಚೆಲ್ಲಿಯೂ ಇರಲಿಲ್ಲ. ಅವನಿಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಸಂದೇಶ ಸುಳ್ಳಾಗಿದ್ದರೆ ಒಬ್ಬಳ ಬದುಕು ಹಾಳಾಗಿದೆ. ನಿಜವಾಗಿದ್ದರೆ ಅದನ್ನು ಕಳಿಸಿದ್ದು ಪುಣ್ಯವೇ ಸರಿ. ಬೆಂಕಿಯಿಲ್ಲದೆ ಹೊಗೆ ಏಳುತ್ತದೆಯೇ ಎಂದು ಒಮ್ಮೆ, ಈ ಹೆಣ್ಣುಮಗಳು ಹಾಗೆ ಮಾಡುವವಳೇ ಎಂದು ಇನ್ನೊಮ್ಮೆ ಅನ್ನಿಸಿ ಅವನ ತಲೆ ಕೆಟ್ಟುಹೋಗಿತ್ತು.

ಅಜ್ಜನವರು ಪಾಪ ಹತ್ತುತ್ತದೆ ಎಂದೂ ಹೇಳಲಿಲ್ಲ, ಹತ್ತುವುದಿಲ್ಲ ಎಂದೂ ಹೇಳಲಿಲ್ಲ. ಕೂತುಕೋ ಎಂದು ಕೈ ಮಾಡಿ, ಒಂದು ಕತೆ ಹೇಳಿದರು.

ಎರಡು ಊರುಗಳ ನಡುವೆ ಒಂದು ದೊಡ್ಡ ಬಯಲು. ಜಾಲಿಯ ಪೊದೆ ಬಿಟ್ಟರೆ ಅಲ್ಲಿ ಬೇರೆ ಗಿಡವಿಲ್ಲ. ಬಯಲಿನ ನಟ್ಟನಡುವೆ ಒಂದು ಬಾವಿ, ಬಾವಿಯ ಪಕ್ಕ ಒಂದು ಅರವಟ್ಟಿಗೆ. ಅರವಟ್ಟಿಗೆ ಎಂದರೆ ದಾರಿಹೋಕರಿಗೆ ನೀರು ಕೊಡುವ ಚಪ್ಪರ. ಅದನ್ನು ಒಬ್ಬ ಒಂಟಿ ಹೆಂಗಸು ನಡೆಸುತ್ತಿದ್ದಳು. ಬಂದವರಿಗೆ ನೀರು ಸೇದಿ ಕೊಡುವಳು. ಅವರು ಒಂದು ಹಿಡಿ ಜೋಳವನ್ನೋ ಕಡಲೆಯನ್ನೋ ಅವಳ ಮೊರದಲ್ಲಿ ಹಾಕಿ ಹೋಗುವರು. ಅವಳ ಹೊಟ್ಟೆ ತುಂಬುತ್ತಿದ್ದುದು ಅಷ್ಟರಲ್ಲೇ.

ಆ ದಾರಿಯಲ್ಲಿ ಹಿರಿಯರ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ಬಾವಿಯ ನೀರು ಕೆಟ್ಟದ್ದು ಯಾರಿಗಾದರೂ ಗೊತ್ತಾದರೆ ಅವರು ಬಾವಿಯ ಬಾಯಿಗೆ ಅಡ್ಡವಾಗಿ ಒಂದು ಜಾಲಿಯ ಕೊಂಬೆ ಹಾಕಬೇಕು. ಮುಂದೆ ಬಂದವರು ಅದನ್ನು ನೋಡಿ ನೀರು ಮುಟ್ಟಬಾರದು. ಗಾಳಿಗೆ ಆ ಕೊಂಬೆ ಹಾರಿಹೋಗದಂತೆ ತಾವೂ ಒಂದು ಕೊಂಬೆ ಹಾಕಬೇಕು. ಮೊದಲು ಹಾಕಿದವರು ಯಾರು ಎಂದು ಕೇಳಲು ಬರುವುದಿಲ್ಲ. ಅವರು ಆಗಲೇ ಬಯಲು ದಾಟಿರುತ್ತಾರೆ. ಯಾಕೆ ಹಾಕಿದರು ಎಂದು ಪರೀಕ್ಷೆ ಮಾಡಲೂ ಬರುವುದಿಲ್ಲ. ಪರೀಕ್ಷೆ ಎಂದರೆ ಕುಡಿಯಬೇಕು. ಈ ಪದ್ಧತಿ ಬಹಳ ಜೀವಗಳನ್ನು ಉಳಿಸಿತ್ತು. ಆದ್ದರಿಂದ ಕೊಂಬೆ ಹಾಕುವುದನ್ನು ಜನ ಪುಣ್ಯದ ಕೆಲಸ ಎಂದು ತಿಳಿದಿದ್ದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ಮಗಳು, ಎಡಚಿ. ಉಣ್ಣುವುದು ಬಿಟ್ಟು ಉಳಿದ ಕೆಲಸವೆಲ್ಲ ಎಡಗೈಯಲ್ಲೇ. ಪುಂಡಿ ನಾರು ಹೊಸೆದು ಹಗ್ಗ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಎಲ್ಲರ ಹಗ್ಗವೂ ಬಲಕ್ಕೆ ಸುತ್ತಿಕೊಂಡಿದ್ದರೆ ಅವಳದು ಎಡಕ್ಕೆ ಸುತ್ತಿಕೊಂಡಿರುತ್ತಿತ್ತು. ಊರವರು ಅದನ್ನು ನೋಡಿ ನಗುತ್ತಿದ್ದರು. ರೈತ ಮಾತ್ರ ಮಗಳ ಹಗ್ಗ ಬಿಟ್ಟು ಬೇರೆ ಹಗ್ಗ ಮುಟ್ಟುತ್ತಿರಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ರೈತ ಹೊಲದ ಬೇಲಿಗೆಂದು ಬಯಲಿಗೆ ಹೋಗಿ ಜಾಲಿ ಕಡಿದ. ಹೊರೆ ಕಟ್ಟಿ, ಹೊತ್ತು ತರುವಾಗ ಬಾಯಾರಿ, ಹೊರೆಯನ್ನು ಬಾವಿಯ ಕಟ್ಟೆಗೆ ಆನಿಸಿ ನೀರು ಸೇದಿ ಕುಡಿದ. ಅರವಟ್ಟಿಗೆಯ ಹೆಂಗಸು ಅಲ್ಲಿರಲಿಲ್ಲ. ಉರುವಲು ಆರಿಸಲು ಹೋಗಿದ್ದಳು. ನೀರು ಸಿಹಿಯಾಗಿತ್ತು. ಹೊರೆ ಎತ್ತುವಾಗ ಹಗ್ಗದ ತುದಿ ಕಲ್ಲಿಗೆ ಸಿಕ್ಕಿ ತುಂಡಾಯಿತು. ಆ ತುಂಡಿನ ಜೊತೆ ಒಂದು ಕೊಂಬೆ ಜಾರಿ ಬಾವಿಯ ಬಾಯಿಗೆ ಅಡ್ಡವಾಗಿ ಬಿತ್ತು. ರೈತ ಅದನ್ನು ನೋಡಿದ. ತಲೆಯ ಮೇಲಿನ ಹೊರೆ ಇಳಿಸದೆಯೇ ಕೈ ಚಾಚಿದ. ಮುಳ್ಳು ಚುಚ್ಚಿತು. ಒಂದು ಕೊಂಬೆ ಹೋದರೆ ಬೇಲಿ ಬಡವಾಗುವುದಿಲ್ಲ ಎಂದುಕೊಂಡು ಹೊರಟ. ಊರು ಮುಟ್ಟುವಷ್ಟರಲ್ಲಿ ಅದನ್ನು ಮರೆತೂ ಬಿಟ್ಟ.

ಅವನ ಹಿಂದೆ ಒಬ್ಬ ದನದ ವ್ಯಾಪಾರಿ ಬಂದ. ಬಾವಿಯ ಮೇಲೆ ಕೊಂಬೆ ಕಂಡಿತು. ಹಾಕಿದ ಪುಣ್ಯಾತ್ಮನಿಗೆ ಕೈ ಮುಗಿದು ತಾನೂ ಒಂದು ಹಾಕಿದ. ಆಮೇಲೆ ಮದುವೆಯ ದಿಬ್ಬಣದವರು ಬಂದರು. ಗಂಡಿನ ಕಡೆಯವರು ಒಂದು, ಹೆಣ್ಣಿನ ಕಡೆಯವರು ಒಂದು ಹಾಕಿದರು. ಕೆಲವೇ ದಿನಗಳಲ್ಲಿ ಬಾವಿಯ ಮೇಲೆ ಮುಳ್ಳಿನ ಗುಪ್ಪೆ ಎದ್ದಿತು. ಯಾರೂ ಸುಳ್ಳು ಹೇಳಲಿಲ್ಲ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ.

ಆದರೆ ಮುಳ್ಳಿಗೆ ಬಾಯಿಲ್ಲ. ಅದರ ಪರವಾಗಿ ಜನರೇ ಮಾತಾಡತೊಡಗಿದರು. ನಾಯಿ ಬಿದ್ದಿರಬೇಕು ಎಂದು ಒಂದು ಸಂತೆಯಲ್ಲಿ ಯಾರೋ ಊಹೆ ಮಾಡಿದರು. ಮುಂದಿನ ಸಂತೆಯಲ್ಲಿ ಅದು ನಾಯಿ ಬಿದ್ದಿದೆಯಂತೆ ಎಂದಾಯಿತು. ಅದರ ಮುಂದಿನ ಸಂತೆಯಲ್ಲಿ ಬಿದ್ದದ್ದು ನಾಯಿಯಲ್ಲ, ಮನುಷ್ಯ. ಹೆಣ ನೋಡಿದವರನ್ನು ನೋಡಿದವರು ಕೂಡ ಸಿಕ್ಕರು. ಕೊನೆಗೆ ಅರವಟ್ಟಿಗೆಯ ಹೆಂಗಸೇ ಏನನ್ನೋ ಬೆರೆಸಿದ್ದಾಳೆ, ಒಂಟಿ ಹೆಂಗಸು ಆ ಬಯಲಿನಲ್ಲಿ ಸುಮ್ಮನೆ ಯಾಕೆ ಕೂತಾಳು ಎಂಬಲ್ಲಿಗೆ ಅಂತೆಕಂತೆಗಳ ಸಂತೆ ಬಂದು ನಿಂತಿತು.

ಆ ಹೆಂಗಸು ಮೊದಲು, ಕಲ್ಲಿಗೆ ಸಿಕ್ಕಿಕೊಂಡಿದ್ದ ಬುಡದ ಒಂದು ಕೊಂಬೆ ಬಿಟ್ಟು, ಉಳಿದವನ್ನೆಲ್ಲ ತೆಗೆದು ಎಸೆದಳು. ಮರುದಿನ ಬಂದವರು, ಕೆಟ್ಟ ನೀರು ಮುಚ್ಚಿಡುತ್ತಾಳೆ ಎಂದು ಬೈದು, ಎಸೆದ ಕೊಂಬೆಗಳನ್ನೇ ಆರಿಸಿ ತಂದು ಹಾಕಿ, ಮೇಲೆ ಇನ್ನಷ್ಟು ಹೇರಿದರು. ಆಮೇಲೆ ಅವಳು ಗುಪ್ಪೆಯ ಒಂದು ಮೂಲೆಯಿಂದ ಕೊಡ ಇಳಿಸಿ ನೀರು ಸೇದಿ, ಬಂದವರ ಎದುರಿಗೇ ಕುಡಿದು ತೋರಿಸಿದಳು. ಅವಳಿಗೆ ಅದು ರೂಢಿಯಾಗಿದೆ ಎಂದರು ಜನ. ಮೊರಕ್ಕೆ ಕಾಳು ಬೀಳುವುದು ನಿಂತಿತು.

ಇಷ್ಟರಲ್ಲಿ ಒಬ್ಬ ನೀರಿನ ವ್ಯಾಪಾರಿ ಅಲ್ಲಿ ಗಾಡಿ ನಿಲ್ಲಿಸತೊಡಗಿದ. ದೂರದ ಕೆರೆಯ ನೀರನ್ನು ಚರ್ಮದ ಚೀಲಗಳಲ್ಲಿ ತುಂಬಿ ತಂದು ಮಾರುತ್ತಿದ್ದ. ಎಮ್ಮೆ ತೊಳೆಯುವ ಕೆರೆ ಅದು. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಾವಿಯ ಬಗ್ಗೆ ಅವನು ಒಂದೇ ಒಂದು ಕೆಟ್ಟ ಮಾತಾಡಲಿಲ್ಲ. ಬೆಳಿಗ್ಗೆ ಬಂದ ಕೂಡಲೇ ಎಲ್ಲರ ಹಾಗೆ ತಾನೂ ಒಂದು ಕೊಂಬೆ ಹಾಕಿ, ಕೈ ಮುಗಿದು, ಆಮೇಲೆ ಗಾಡಿ ಬಿಚ್ಚುತ್ತಿದ್ದ.

ಸಂತೆಯ ಮಾತು ರೈತನ ಕಿವಿಗೂ ಬಿತ್ತು. ಅವನು ಬೆಚ್ಚಿದ. ತಾನು ಆ ಬಾವಿಯ ನೀರು ಕುಡಿದದ್ದು ನೆನಪಾಯಿತು. ಕೊಂಬೆ ಬಿದ್ದದ್ದು ನೆನಪಾಗಲಿಲ್ಲ. ಆ ದಿನ ನೀರು ಸಿಹಿಯಾಗಿತ್ತೇ? ಆಮೇಲೆ ಹೊಟ್ಟೆ ತೊಳಸಿತ್ತಲ್ಲವೇ? ನೆನೆಸಿದಷ್ಟೂ ತೊಳಸಿತ್ತು ಎನ್ನಿಸಿತು. ಮನೆಯವರಿಗೆ ಹೇಳಿದ. ನೆರೆಮನೆಯವರಿಗೆ, ನಾನೇ ಕುಡಿದು ಅನುಭವಿಸಿದ್ದೇನೆ ಎಂದು ಹೇಳಿದ. ಅಲ್ಲಿಯವರೆಗೆ ಯಾರೋ ಕಂಡಂತೆ ಇದ್ದ ಮಾತಿಗೆ ಈಗ ಒಬ್ಬ ಸಾಕ್ಷಿಯೂ ಸಿಕ್ಕಿದ ಹಾಗಾಯಿತು. ಮುಂದೆ ಬಯಲು ದಾಟುವಾಗ ಅವನು ಒಂದು ದಪ್ಪ ಕೊಂಬೆಯನ್ನೇ ಕಡಿದು ಗುಪ್ಪೆಯ ಮೇಲೆ ಹಾಕಿದ.

ಇಲ್ಲಿ ಗುರುಪಾದಯ್ಯ ಮಿಸುಕಾಡಿದ. ಆ ರೈತನೂ ಜನರಿಗೆ ಒಳ್ಳೆಯದಾಗಲಿ ಎಂದೇ ಹಾಕಿದನಲ್ಲ ಎಂದು ಮೆಲ್ಲಗೆ ಅಂದ. ಅಜ್ಜನವರು ಹೌದು ಎಂದು ತಲೆಯಾಡಿಸಿ ಮುಂದುವರಿದರು.

ಬೇಸಿಗೆ ಬಂತು. ಸೋದರಮಾವನ ಮನೆಗೆ ಹೋಗಿದ್ದ ಮಗಳನ್ನು ಕರೆದುಕೊಂಡು ರೈತ ಬಯಲು ದಾಟುತ್ತಿದ್ದ. ತಂದಿದ್ದ ನೀರು ಮುಗಿದಿತ್ತು. ಬಾವಿಯ ಹತ್ತಿರ ಬರುವಷ್ಟರಲ್ಲಿ ಹುಡುಗಿಯ ತುಟಿ ಒಣಗಿ, ಅವಳು ನಡೆಯಲಾರದೆ ಕೂತುಬಿಟ್ಟಳು. ಅರವಟ್ಟಿಗೆಯ ಹೆಂಗಸು ಓಡಿ ಬಂದಳು. ಮೂಲೆಯಿಂದ ಕೊಡ ಇಳಿಸಿ ನೀರು ತಂದಳು. ಮೊದಲು ತಾನು ಕುಡಿದಳು. ಆಮೇಲೆ ತಂಬಿಗೆಯನ್ನು ಚಾಚಿದಳು.

“ತಮ್ಮಾ, ಈ ನೀರ ಕುಡದ ನಾ ಮುದುಕಿ ಆಗೀನಿ. ಕೂಸಿಗೆ ಒಂದ ಗುಟುಕ ಕುಡಸು.”

ರೈತನ ಕೈ ಮುಂದೆ ಬಂತು, ಹಿಂದೆ ಹೋಯಿತು. ಹೆಂಗಸಿನ ಮುಖದಲ್ಲಿ ಕಪಟ ಕಾಣಲಿಲ್ಲ. ಆದರೆ ಅವಳ ಹಿಂದೆ ಆಳೆತ್ತರದ ಗುಪ್ಪೆ ಕಾಣುತ್ತಿತ್ತು. ಇವಳು ಒಬ್ಬಳು ಹೇಳುತ್ತಿದ್ದಾಳೆ, ಅಷ್ಟು ಜನ ಬೇರೆ ಹೇಳುತ್ತಿದ್ದಾರೆ. ಇವಳಿಗೆ ಇದು ಹೊಟ್ಟೆಪಾಡು; ಅವರಿಗೆ ಇದರಿಂದ ಆಗಬೇಕಾದ್ದೇನು? ಹಾಗಾದರೆ ಅವಳು ಈಗ ಕುಡಿದದ್ದು? ಅದಕ್ಕೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದಾಗ ಮನುಷ್ಯ ಹತ್ತು ಜನ ಹೋದ ದಾರಿಯನ್ನೇ ಹಿಡಿಯುತ್ತಾನೆ. ರೈತ ಮಗಳನ್ನು ಎತ್ತಿಕೊಂಡು ನೀರಿನ ಗಾಡಿಯ ಕಡೆ ನಡೆದ.

ಹುಡುಗಿ ಚರ್ಮದ ಚೀಲದ ನೀರನ್ನು ಗಟಗಟ ಕುಡಿದಳು. ಊರು ಸೇರಿದ ಮರುದಿನ ವಾಂತಿಭೇದಿ ಹಿಡಿಯಿತು. ಕಣ್ಣು ಗುಳಿಬಿದ್ದವು. ಆ ಊರಿನಲ್ಲಿ ಬೇರೆ ಮನೆಗಳಲ್ಲೂ ಅದೇ ಕಾಯಿಲೆ ಇತ್ತು. ಎಲ್ಲ ಮನೆಯವರೂ ಗಾಡಿಯ ನೀರು ಕುಡಿದವರೇ. ಆದರೆ ಗಾಡಿಯ ಮೇಲೆ ಮುಳ್ಳಿರಲಿಲ್ಲವಲ್ಲ. ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬಾವಿಯ ವಿಷ ಗಾಳಿಗೂ ಏರಿದೆ, ಅದರ ಪಕ್ಕ ಹಾದುಹೋದರೂ ಸಾಕು ಎಂದು ಊರು ತೀರ್ಮಾನ ಮಾಡಿತು. ಬಾವಿಗೆ ಮಣ್ಣು ತುಂಬಿ ಮುಚ್ಚಬೇಕು, ಆ ಹೆಂಗಸನ್ನು ಅಲ್ಲಿಂದ ಓಡಿಸಬೇಕು ಎಂದರು. ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದು ಹೊರಟವನು ರೈತ. ಅವನ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ಮನೆಯಲ್ಲಿ ಮಗಳು ಸಾಯುವ ಹಾಗೆ ಮಲಗಿದ್ದಳು.

ಮಣ್ಣು ತುಂಬಬೇಕಾದರೆ ಮೊದಲು ಮುಳ್ಳು ತೆಗೆಯಬೇಕು. ಉಳಿದವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಂತರು. ರೈತನೇ ಕವೆಗೋಲು ಹಿಡಿದು ಕೊಂಬೆಗಳನ್ನು ಎಳೆಯತೊಡಗಿದ. ಮೇಲಿನವು ಹಸಿಯಾಗಿದ್ದವು. ಅವುಗಳ ಕೆಳಗೆ ಬಾಡಿದವು. ಇನ್ನೂ ಕೆಳಗೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿದವು. ಅವನೇ ಹಾಕಿದ ದಪ್ಪ ಕೊಂಬೆ ನಡುವೆ ಎಲ್ಲೋ ಸಿಕ್ಕಿತು. ಅದನ್ನೂ ಎಳೆದು ಎಸೆದ. ಕೈ ತರಚಿ ರಕ್ತ ಬಂತು. ಕಟ್ಟಕಡೆಗೆ, ಕಲ್ಲಿಗೆ ಅಂಟಿಕೊಂಡು, ಒಂದೇ ಒಂದು ಸಣ್ಣ ಕೊಂಬೆ ಉಳಿಯಿತು. ಅದಕ್ಕೆ ಒಂದು ತುಂಡು ಹಗ್ಗ ಸುತ್ತಿಕೊಂಡಿತ್ತು.

ರೈತ ಅದನ್ನು ಕೈಗೆತ್ತಿಕೊಂಡ. ಬಿಸಿಲಿಗೆ ಬಣ್ಣ ಹೋಗಿತ್ತು. ಎಲ್ಲ ಹಗ್ಗ ಬಿಗಿಯಾಗುವ ಕಡೆಗೆ ತಿರುವಿ ನೋಡಿದ, ಎಳೆ ಬಿಚ್ಚಿಕೊಂಡಿತು. ಅದರ ಎದುರು ಕಡೆಗೆ ತಿರುವಿದ; ಬಿಗಿಯಿತು. ಆ ಸೀಮೆಯಲ್ಲಿ ಹಾಗೆ ಹೊಸೆಯುವ ಕೈ ಒಂದೇ ಇತ್ತು. ಚಳಿಗಾಲದ ಆ ದಿನ, ಹೊರೆ, ಚುಚ್ಚಿದ ಮುಳ್ಳು, ಎಲ್ಲವೂ ಅವನಿಗೆ ಒಟ್ಟಿಗೆ ನೆನಪಾದವು. ಇಷ್ಟೂ ಮುಳ್ಳಿನ ಕೆಳಗೆ ನಾಯಿ ಇರಲಿಲ್ಲ, ಹೆಣ ಇರಲಿಲ್ಲ, ವಿಷ ಇರಲಿಲ್ಲ. ಅವನ ಮನೆಯ ಹಗ್ಗ ಇತ್ತು.

ಅವನು ಜನರ ಕಡೆ ತಿರುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಇದು ನನ್ನದು, ನೀರು ಕೆಟ್ಟಿದೆಯೆಂದು ಹಾಕಿದ್ದಲ್ಲ, ಕೈತಪ್ಪಿ ಬಿದ್ದದ್ದು, ತೆಗೆಯದೆ ಹೋದೆ ಎಂದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಗಳ ಚಿಂತೆಯಲ್ಲಿ ಇವನಿಗೆ ಬುದ್ಧಿ ಕೆಟ್ಟಿದೆ ಎಂದರು ಕೆಲವರು. ಆ ಹೆಂಗಸು ಇವನಿಗೂ ಏನೋ ಮಾಡಿದ್ದಾಳೆ ಎಂದರು ಇನ್ನು ಕೆಲವರು. ಗುಂಪಿನಲ್ಲಿದ್ದ ಒಬ್ಬ ಹಿರಿಯ ಮುಂದೆ ಬಂದು ಕೇಳಿದ.

“ಬುಡದ ಕೊಂಬಿ ನಿಂದ ಇರಬಹುದಪಾ. ಅದರ ಮ್ಯಾಲೆ ಇಷ್ಟ ಕೊಂಬಿ ಹಾಕಿದವರೆಲ್ಲಾ ಹುಚ್ಚರೇನು?”

ಹಾಕಿದವರಲ್ಲಿ ರೈತನೂ ಒಬ್ಬ. ಅವನು ಆ ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡಕ್ಕೆ ಸೇದುವ ಹಗ್ಗ ಕಟ್ಟಿ ಬಾವಿಗೆ ಇಳಿಸಿದ. ನೀರು ಬಂತು. ಬೊಗಸೆಯಲ್ಲಿ ಹಿಡಿದ. ಮುಳ್ಳು ತನ್ನದೇ ಎಂದು ಗೊತ್ತಿದ್ದರೂ, ಹಗ್ಗ ಸೊಂಟದಲ್ಲೇ ಇದ್ದರೂ, ಆ ನೀರನ್ನು ತುಟಿಗೆ ತರಲು ಅವನಿಗೆ ಭಯವಾಯಿತು. ಒಂದು ವೇಳೆ ನಿಜವಾಗಿದ್ದರೆ ಎಂದು ಅವನೊಳಗೇ ಯಾರೋ ಕೇಳಿದ ಹಾಗಾಯಿತು. ಕಣ್ಣು ಮುಚ್ಚಿಕೊಂಡು ಕುಡಿದ. ಸಿಹಿಯಾಗಿತ್ತು.

ಅವನು ಬೀಳುತ್ತಾನೆಯೇ ಎಂದು ಜನ ಕಾದರು. ಬೀಳಲಿಲ್ಲ. ಆ ದಿನ ಯಾರೂ ಮಣ್ಣು ಹಾಕಲಿಲ್ಲ. ಕುಡಿದು ನೋಡುವವರೂ ಮುಂದೆ ಬರಲಿಲ್ಲ. ವಿಷ ತಟ್ಟನೆ ಏರುವುದಿಲ್ಲ ಎಂದು ಹೇಳಿಕೊಳ್ಳುತ್ತ ಬುಟ್ಟಿ ಗುದ್ದಲಿ ಎತ್ತಿಕೊಂಡು ಊರಿಗೆ ಹೋದರು.

ರೈತ ಅರವಟ್ಟಿಗೆಗೆ ಓಡಿದ. ಕೊಡಗಳು ಬೋರಲು ಬಿದ್ದಿದ್ದವು, ಮೊರ ಕಂಬಕ್ಕೆ ತೂಗುತ್ತಿತ್ತು. ಜನ ಬರುವ ಸುದ್ದಿ ತಿಳಿದು ಅವಳು ಬೆಳಿಗ್ಗೆಯೇ ಹೊರಟುಹೋಗಿದ್ದಳು. ಅವಳ ಊರು ಯಾವುದು ಎಂದು ಅವನು ಕಂಡಕಂಡವರನ್ನು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಹೆಸರು ಏನು ಎಂದು ಕೇಳಿದ. ಅದೂ ಗೊತ್ತಿರಲಿಲ್ಲ. ಅವಳ ಕೈಯ ನೀರು ಕುಡಿಯದವರು ಮಾತ್ರ ಆ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ.

ಅವನು ಬಾವಿಯ ನೀರನ್ನೇ ಹೊತ್ತು ಮನೆಗೆ ತಂದ. ಮಗಳಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿದ. ನಿಧಾನಕ್ಕೆ ಅವಳು ಚೇತರಿಸಿಕೊಂಡಳು. ಎದ್ದು ಕೂತ ದಿನ ಅಪ್ಪನ ಸೊಂಟದಲ್ಲಿದ್ದ ಹಗ್ಗದ ತುಂಡು ನೋಡಿ, ನಾನು ಹೊಸೆದದ್ದು ಗಟ್ಟಿಯಿರಲಿಲ್ಲವೇ ಎಂದು ಕೇಳಿದಳು. ಹಗ್ಗದ ತಪ್ಪಿಲ್ಲ ಮಗಳೇ, ಬಗ್ಗಿ ತೆಗೆಯದವನ ತಪ್ಪು ಎಂದು ರೈತ ಹೇಳಿದ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು.

ಕತೆ ಗುರುಪಾದಯ್ಯನ ಮನಸ್ಸಿಗೆ ಇಳಿದಿತ್ತು, ಆದರೆ ಅವನ ಗೊಂದಲ ಇಳಿದಿರಲಿಲ್ಲ. ಊರ ಹೊರಗಿನ ದಾರಿಯಲ್ಲಿ ಎತ್ತಿನ ಕೊರಳ ಗಂಟೆ ಕೇಳಿಸಿತು. ಶಾಂತವ್ವ ಹೊರಟಿರಬಹುದು, ಅಥವಾ ಬೇರೆ ಯಾರದೋ ಎತ್ತಿರಬಹುದು. ಅವನು ಮೊಬೈಲನ್ನು ಕೈಯಲ್ಲಿ ತಿರುಗಿಸಿ ನೋಡಿದ. ನೋಡಿದಷ್ಟೂ ಅದರಲ್ಲಿ ಕೊಂಬೆಗಳೇ ಕಂಡವು. ಯಾವುದು ಯಾರದು ಎಂದು ತಿಳಿಯುವಂತಿರಲಿಲ್ಲ.

“ಅಜ್ಜಾರ, ಆ ರೈತಗ ಹಗ್ಗರ ಸಿಕ್ತು. ಈ ಮಾತಿನ ಬುಡದಾಗ ಯಾರ ಹಗ್ಗ ಐತಿ ಅಂತ ನಾ ಎಲ್ಲಿ ಹುಡುಕಲಿ?”

ಅಜ್ಜನವರು ಶಾಂತವ್ವ ಇಟ್ಟುಹೋದ ತಂಬಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಎಣ್ಣೆಯಲ್ಲಿ ಬೆರಳದ್ದಿ ನಾಲಿಗೆಯ ಮೇಲೆ ಇಟ್ಟುಕೊಂಡರು. ಆಮೇಲೆ ತಂಬಿಗೆಯನ್ನು ಶಿಷ್ಯನ ಕಡೆ ಸರಿಸಿ ಹೇಳಿದರು.

“ಎಣ್ಣಿ ಕಹಿ ಐತೇನು ಅಂತ ನೀ ಗುಂಪಿನಾಗ ಕೇಳಿದ ದಿನ, ಗುರುಪಾದಾ, ಜ್ವರದ ಬಾಯಿಗೆ ಹಾಲೂ ಕಹಿ ಅಂತ ನಾ ಕೊಟ್ಟ ಬಟ್ಟಲಾ ದೂರ ಸರಿಸಿದ್ದಿ.”